ಡ್ರೈವರಕ್ಕ ಚಾರ್ಜರ್ ಕೊಂಡದ್ದು

ಡಿಪೋದಲ್ಲಿ ಅವಳನ್ನು ಎಲ್ಲರೂ ಡ್ರೈವರಕ್ಕ ಅಂತಲೇ ಕರೆಯುತ್ತಿದ್ದರು. ಬಸ್ಸು ಬಿಡಿಸಿ ಡ್ಯೂಟಿ ಹಂಚುವ ಕಿಟಕಿಯ ಹಿಂದೆ ಕೂರಿಸಿದ ಮೇಲೂ ಆ ಹೆಸರು ಹೋಗಲಿಲ್ಲ. ಬೆಳಗಾದರೆ ಸಾಕು, ಕಿಟಕಿಯ ಸರಳುಗಳ ಮಧ್ಯೆ ಮೂಗು ತೂರಿಸಿ, "ಡ್ರೈವರಕ್ಕಾ, ಇವತ್ತಾದರೂ ಬ್ರೇಕ್ ಸರಿಯಿರೋ ಗಾಡಿ ಕೊಡು" ಅನ್ನುತ್ತಿದ್ದರು. ಕೇಳುವವರಿಗೆ ಅದು ಸಲಿಗೆಯ ಮಾತು. ಅವಳಿಗೆ ಮಾತ್ರ ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತಿತ್ತು.

ಅವಳ ಎಡಗಣ್ಣು ಸದ್ದಿಲ್ಲದೆ ಹೋಗಿತ್ತು. ನೋವಿಲ್ಲ, ಕೆಂಪಿಲ್ಲ. ಪಕ್ಕದ ಕನ್ನಡಿಯಲ್ಲಿ ಹಿಂದೆ ಬರುವ ಗಾಡಿ ಮಬ್ಬಾಗಿ ಕಂಡಾಗ ಕನ್ನಡಿ ಒರೆಸಿದಳು. ಇನ್ನೂ ಮಬ್ಬಾದಾಗ ಕ್ಲೀನರಿಗೆ ಬೈದಳು. ವರ್ಷದ ತಪಾಸಣೆಯಲ್ಲಿ ಡಾಕ್ಟರು ಬಲಗಣ್ಣು ಮುಚ್ಚಿ, ಗೋಡೆಯ ಮೇಲಿನ ಅಕ್ಷರ ಓದಿ ಅಂದಾಗಲೇ ಗೊತ್ತಾದದ್ದು, ಎಡಗಡೆ ಗೋಡೆಯೇ ಇಲ್ಲ ಅಂತ. ಅವಳು ಸುಮ್ಮನೆ ಒಪ್ಪಿಕೊಳ್ಳುವ ಜಾತಿಯಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಅವರೂ ಅದನ್ನೇ ಹೇಳಿದರು. ಒಂದೇ ಕಣ್ಣಿದ್ದರೇನಂತೆ, ಇಷ್ಟು ವರ್ಷ ಒಂದು ಗೀಟೂ ಬೀಳದ ಹಾಗೆ ಬಸ್ಸು ಓಡಿಸಿದ್ದೇನಲ್ಲ ಅಂತ ಮೇಲಿನವರ ಕೋಣೆಯಲ್ಲಿ ನಿಂತು ವಾದ ಹಾಕಿದಳು. ಅಲ್ಲಿ ಕೂತಿದ್ದ ವಯಸ್ಸಾದ ಅಧಿಕಾರಿ ಗದರಲಿಲ್ಲ, ನಗಲೂ ಇಲ್ಲ. "ನೀವು ಚೆನ್ನಾಗಿ ಓಡಿಸ್ತೀರಿ, ನಂಗೂ ಗೊತ್ತು. ಆದರೆ ಹಿಂದೆ ಅಷ್ಟು ಜನ ಕೂತಿರ್ತಾರಲ್ಲಮ್ಮ" ಅಂದರು. ಆ ಮಾತು ನಿಜ ಅನ್ನುವುದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಕಿಟಕಿಯ ಹಿಂದೆ ದಿನ ತಳ್ಳುತ್ತಿದ್ದಾಗ ಒಂದು ಸಂಜೆ, ಡಿಪೋದ ಹಿಂದಿನ ಬಯಲಿನಲ್ಲಿ ಜೀರುಂಡೆಯ ಹಾಗೆ ಸದ್ದು ಕೇಳಿಸಿತು. ಗೋಡೆಯ ಒಡಕಿನಿಂದ ಇಣುಕಿ ನೋಡಿದಳು. ನಾಲ್ಕಾರು ಜನ ಮುಖಕ್ಕೆ ದಪ್ಪ ಕನ್ನಡಕದ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ರಿಮೋಟು ಹಿಡಿದು ಕಲ್ಲಿನ ಹಾಗೆ ಕೂತಿದ್ದಾರೆ. ಅವರ ತಲೆಯ ಮೇಲೆ ಅಂಗೈಯಗಲದ ಯಂತ್ರಗಳು ಬಿದಿರಿನ ಕಮಾನುಗಳ ಮಧ್ಯೆ ನುಗ್ಗಿ ಹೋಗುತ್ತಿವೆ. ಕೂತವರಲ್ಲಿ ಒಬ್ಬರು ಗುರುತಿನವರೇ. ಹೋದ ವರ್ಷ ಅವಳ ದವಡೆ ಹಲ್ಲು ಕಿತ್ತ ಹಲ್ಲಿನ ಡಾಕ್ಟರು.

ಅವಳು ಗೋಡೆ ಸುತ್ತಿ ಬಯಲಿಗೆ ಹೋದಳು. ಡಾಕ್ಟರು ತಮ್ಮ ಕನ್ನಡಕ ಬಿಚ್ಚಿ ಅವಳ ಮುಖಕ್ಕೆ ಕಟ್ಟಲು ಬಂದಾಗ ಅವಳು ಹಿಂದೆ ಸರಿದಳು. ತನಗೆ ಒಂದು ಕಣ್ಣಿಲ್ಲ, ದೂರ ಹತ್ತಿರ ತಿಳಿಯುವುದಿಲ್ಲ ಅಂದಳು. ಡಾಕ್ಟರು, ಅದಕ್ಕೆ ಯಾಕೆ ಅಷ್ಟು ಯೋಚನೆ ಅಂದರು. ಹಾರುವ ಯಂತ್ರದ ಮೂತಿಗೆ ಇರುವುದು ಒಂದೇ ಕ್ಯಾಮೆರಾ. ಅದು ತೋರಿಸುವ ಚಿತ್ರವೇ ಎರಡು ಕಣ್ಣಿಗೂ ಬರುತ್ತದೆ. ಯಾರಿಗೂ ಆಳ ಕಾಣುವುದಿಲ್ಲ. ಕಮಾನು ಎಷ್ಟು ಬೇಗ ದೊಡ್ಡದಾಗುತ್ತದೆ ಅನ್ನುವುದರ ಮೇಲೆ ದೂರ ಅಂದಾಜು ಮಾಡಬೇಕು.

"ಅಂದರೆ ಇಲ್ಲಿ ಎಲ್ಲರೂ ಒಕ್ಕಣ್ಣರೇ" ಅಂದಳು ಡ್ರೈವರಕ್ಕ.

"ಹಾಗಂತಲೇ ಇಟ್ಕೊಳ್ಳಿ ಅಕ್ಕ."

ಅಷ್ಟು ಸಾಕಾಯಿತು. ಕನ್ನಡಕ ಕಟ್ಟಿಕೊಂಡಳು. ನೆಲ ಕೆಳಗೆ ಜಾರಿತು, ಡಿಪೋದ ತಗಡಿನ ಚಾವಣಿ ಪಕ್ಕಕ್ಕೆ ವಾಲಿತು, ಎದುರಿಗೆ ಬಯಲು ಬಿಚ್ಚಿಕೊಂಡಿತು. ಯಂತ್ರ ತಿರುವಿಗೆ ಬಂದಾಗ, ರಿಮೋಟಿನ ಕಡ್ಡಿ ಡಾಕ್ಟರ ಕೈಯಲ್ಲಿದ್ದರೂ, ಅವಳ ಬಲಗಾಲು ತಾನಾಗಿ ನೆಲ ಒತ್ತಿತು, ಬ್ರೇಕ್ ಹಾಕುವವರ ಹಾಗೆ.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಆಟ ಬಿಟ್ಟ ಒಬ್ಬನಿಂದ ಹಳೆಯ ಡ್ರೋನು, ರಿಮೋಟು, ಕನ್ನಡಕ, ಬ್ಯಾಟರಿಗಳು ಎಲ್ಲವನ್ನೂ ಒಟ್ಟಿಗೆ ಕೊಂಡಳು. ಜೊತೆಗೆ ಒಂದು ಚಾರ್ಜರನ್ನು ಅವನು ಹಾಗೇ ಕೊಟ್ಟ. ಸೋಪಿನ ಡಬ್ಬಿಯಷ್ಟು ಗಾತ್ರ. ಅದರ ಮೇಲೆ ಒಂದೇ ದೀಪ. ತುಂಬುವಾಗ ಕೆಂಪು, ತುಂಬಿದ ಮೇಲೆ ಹಸಿರು. ಬೇರೆ ಏನೂ ಇಲ್ಲ.

ಮನೆಯಲ್ಲಿ ಇದ್ದದ್ದು ಮೂರೇ ಜನ: ಅವಳು, ಅವಳ ಗಂಡ, ಅವಳ ಅತ್ತೆ. ಮನೆ ಅತ್ತೆಯದು, ಮಾತೂ ಅತ್ತೆಯದೇ. ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಯುದ್ದಕ್ಕೂ ನೇತಾಡುವ ಅರ್ಧ ಹೊಲಿದ ಕೋಟು ಪ್ಯಾಂಟುಗಳು. ಅವನು ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು ಅಂತ ಅತ್ತೆ ಹೇಳುತ್ತಿದ್ದರು. ಡ್ರೋನು ನೋಡಿ ಅವನು ಏನೂ ಅನ್ನಲಿಲ್ಲ. ಅತ್ತೆ ಅವನ ಪಾಲಿನದನ್ನೂ ಸೇರಿಸಿ ಅಂದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಜೀರುಂಡೆ ಆಡಿಸಲು ಹೊರಟಿದ್ದಾಳೆ ಅಂದರು. ಡಿಪೋದಲ್ಲೂ, ಅಕ್ಕನಿಗೆ ರೆಕ್ಕೆ ಬಂತು ಅಂತ ನಗಾಡಿದರು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಎಲ್ಲರಿಗೂ ಅವಳದು ಒಂದೇ ಉತ್ತರ: "ಇದರಲ್ಲಿ ಪ್ಯಾಸೆಂಜರ್ ಯಾರೂ ಇಲ್ಲ. ಬಿದ್ದರೆ ಅದೊಂದೇ ಬೀಳೋದು."

ಬೀಳುವುದೇನು ಕಡಿಮೆ ಇರಲಿಲ್ಲ. ಕಮಾನಿಗೆ ಬಡಿಯಿತು, ಮುಳ್ಳಿನ ಪೊದೆಗೆ ಬಿತ್ತು, ಒಮ್ಮೆ ಡಿಪೋದ ಕಾವಲುಗಾರನ ಊಟದ ಡಬ್ಬಿಯ ಮೇಲೇ ಇಳಿಯಿತು. ಪ್ರತಿ ಸಲವೂ ಅವಳು ಮಣ್ಣು ಒರೆಸಿ, ರೆಕ್ಕೆ ಬದಲಿಸಿ, ಮತ್ತೆ ಹಾರಿಸಿದಳು. ಮನೆಗೆ ಬಂದು ಬ್ಯಾಟರಿಯ ಬಿಸಿ ಆರುವ ಮೊದಲೇ ಚಾರ್ಜಿಗೆ ಹಾಕುತ್ತಿದ್ದಳು. ಎಲ್ಲಿ ಅಂದರೆ, ಗಂಡನ ಮೇಜಿನ ಮೂಲೆಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿನಲ್ಲಿ.

ಅದು ರಜೆಯ ದಿನದ ಮಧ್ಯಾಹ್ನ. ಗಂಡ ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಡ್ರೈವರಕ್ಕ ಬ್ಯಾಟರಿ ಸಿಕ್ಕಿಸಿ, ದೀಪ ಕೆಂಪಾದದ್ದು ನೋಡಿ, ಹಿತ್ತಲಿನಲ್ಲಿ ಬಟ್ಟೆ ಹಿಂಡಲು ಹೋದಳು. ಪಟ್ ಅಂತ ಸದ್ದಾಯಿತು. ಆಮೇಲೆ ದೊಡ್ಡ ಹಾವು ಬುಸುಗುಟ್ಟಿದ ಹಾಗೆ ಇನ್ನೊಂದು ಸದ್ದು. ಓಡಿ ಬಂದರೆ ಮುಂದಿನ ಕೋಣೆಯಲ್ಲಿ ಬಿಳಿ ಹೊಗೆ ಸೊಂಟದಿಂದ ಮೇಲಕ್ಕೆಲ್ಲ ತುಂಬಿದೆ, ಬ್ಯಾಟರಿ ದಿಂಬಿನ ಹಾಗೆ ಊದಿ ಒಡೆದು ಬೆಂಕಿ ಉಗುಳುತ್ತಿದೆ, ಮೇಲೆ ನೇತಾಡುತ್ತಿದ್ದ ಗಿರಾಕಿಯ ಕೋಟಿನ ತೋಳು ಉರಿಯುತ್ತಿದೆ. ಪ್ಲಗ್ಗು ಕಿತ್ತಳು. ಬಾಗಿಲ ಮೂಲೆಯ ಪೊರಕೆ ಹಿಡಿದು ಬ್ಯಾಟರಿ, ಚಾರ್ಜರು, ಕೋಟು ಎಲ್ಲವನ್ನೂ ಬಾಗಿಲಾಚೆ ಅಂಗಳಕ್ಕೆ ಗುಡಿಸಿ ಹಾಕಿದಳು. ಒಳಗೆ ಅತ್ತೆ ಕೆಮ್ಮುವುದು ಕೇಳಿಸಿತು. ಹೊಗೆಯಲ್ಲಿ ತಡಕಾಡಿ ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಹೊರಗೆ ಬಂದ ಮೇಲೂ ಅವರ ಕೆಮ್ಮು ನಿಲ್ಲಲಿಲ್ಲ. ಡ್ರೈವರಕ್ಕ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದಳು.

ಸಂಜೆ ಅತ್ತೆ ಉಸಿರು ಹಿಡಿದು ಹಿಡಿದು ಮಾತಾಡಿದರು. ಎಂದಿನ ಹಾಗೆ ಕೂಗಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

"ನಿನ್ನ ಗಾಡೀಲಿ ಪ್ಯಾಸೆಂಜರ್ ಇಲ್ಲ ಅಂದಿದ್ದೆ. ಒಳಗೆ ಮಲಗಿದ್ದ ನಾನು ಯಾರು?"

ಇನ್ನು ಮುಂದೆ ಈ ಮನೆಯ ಗೋಡೆಯಿಂದ ಆ ಜೀರುಂಡೆಗೆ ಒಂದು ತಂತಿಯೂ ಹೋಗಬಾರದು ಅಂತ ಅತ್ತೆ ತೀರ್ಪು ಕೊಟ್ಟರು. ಗಂಡ ಸುಟ್ಟ ಕೋಟನ್ನು ಮೇಜಿನ ಮೇಲೆ ಹರಡಿ ನೋಡುತ್ತಿದ್ದ. ಅವನು ಗಿರಾಕಿಗೆ ಸುಳ್ಳು ಹೇಳಲಿಲ್ಲ. ಸುಟ್ಟುಹೋಯಿತು, ಬೇರೆ ಹೊಲಿದುಕೊಡುತ್ತೇನೆ ಅಂದ. ಆ ವಾರವೆಲ್ಲ ಅದೇ ಬಣ್ಣದ ಬಟ್ಟೆ ಹುಡುಕಿ ಕೂತು ಹೊಲಿದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮನೆಯಲ್ಲೂ ಡಿಪೋದಲ್ಲೂ ಎಲ್ಲರೂ, ಇನ್ನು ಅಕ್ಕನ ಹಾರಾಟ ಮುಗಿಯಿತು ಅಂದುಕೊಂಡರು. ಅವಳೂ ಹಾಗೇ ಅಂದುಕೊಳ್ಳಲು ನೋಡಿದಳು. ಡ್ರೋನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಕಿಟಕಿಯ ಹಿಂದೆ ಕೂತು ಡ್ಯೂಟಿ ಹಂಚಿದಳು. ಸಂಜೆ ಬಯಲಿನ ಕಡೆಯಿಂದ ಸದ್ದು ಬಂದಾಗ ಕಿಟಕಿಯ ಬಾಗಿಲು ಹಾಕಿಕೊಂಡಳು. ಆದರೆ ಎಷ್ಟು ಅದುಮಿದರೂ ಒಂದು ಮಾತು ಒಳಗಿನಿಂದ ಎದ್ದು ಬರುತ್ತಿತ್ತು. ಬಸ್ಸು ಕಿತ್ತುಕೊಂಡಾಗ ತಪ್ಪು ಕಣ್ಣಿನದು, ಅದನ್ನು ಬದಲಿಸುವುದಕ್ಕೆ ಆಗುವುದಿಲ್ಲ. ಈಗ ತಪ್ಪು ಚಾರ್ಜರಿನದು, ಅದಕ್ಕಿಂತ ಹೆಚ್ಚಾಗಿ ತನ್ನದು. ಎರಡನ್ನೂ ಬದಲಿಸಬಹುದು. ಬದಲಿಸಬಹುದಾದದ್ದಕ್ಕೂ ಸೋತು ಕೂರಬೇಕೇ?

ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. "ಅತ್ತೆ, ಅವತ್ತು ಆಗಿದ್ದು ತಪ್ಪೇ. ನನ್ನ ತಪ್ಪೇ. ನಿಮ್ಮ ಗೋಡೆಗೆ ತಂತಿ ಹಾಕಲ್ಲ. ಆದರೆ ಹಾರಿಸೋದು ಬಿಡಲ್ಲ."

ಅತ್ತೆ ಮಗನ ಮುಖ ನೋಡಿದರು. ಮಗ ತಟ್ಟೆ ನೋಡಿಕೊಂಡ.

ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅವಳು ಮೊದಲು ಕೇಳಿದ್ದು, ಆ ಬ್ಯಾಟರಿ ಯಾಕೆ ಒಡೆಯಿತು ಅಂತ. ಡಾಕ್ಟರು ಒಂದು ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಬಿಡಿಸಿ ಹೇಳಿದರು. ಹೊರಗಿನಿಂದ ಒಂದೇ ಇಟ್ಟಿಗೆಯ ಹಾಗೆ ಕಂಡರೂ ಒಳಗೆ ನಾಲ್ಕು ಸೆಲ್ಲುಗಳು ಮೈಗೆ ಮೈ ಅಂಟಿಸಿಕೊಂಡು ಇರುತ್ತವೆ. ನಾಲ್ಕೂ ಸಮನಾಗಿ ತುಂಬಬೇಕು. ಬಿದ್ದು ಪೆಟ್ಟಾಗಿ ಒಂದು ಸೆಲ್ಲು ಸೊರಗಿದರೆ, ಒಟ್ಟು ಲೆಕ್ಕ ಮಾತ್ರ ನೋಡುವ ಚಾರ್ಜರು ಆ ಕೊರತೆಯನ್ನು ಉಳಿದವುಗಳ ಮೇಲೆ ಹೇರುತ್ತದೆ. ಅವು ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು ಊದುತ್ತವೆ, ಒಡೆಯುತ್ತವೆ. ಬ್ಯಾಟರಿಯ ಪಕ್ಕದಲ್ಲಿ ಸಣ್ಣ ಬಿಳಿ ಕೊಕ್ಕೆಯಿರುವ ತೆಳು ತಂತಿಗಳ ಜಡೆ ಇರುವುದೇ ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ವಿಚಾರಿಸಿಕೊಳ್ಳಲು. ಅವಳ ಹಳೆಯ ಚಾರ್ಜರಿನಲ್ಲಿ ಆ ಜಡೆ ಸಿಕ್ಕಿಸುವ ಜಾಗವೇ ಇರಲಿಲ್ಲ. ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಿ, ಬಿಟ್ಟು ಎದ್ದುಹೋದದ್ದು ಮೇಲಿನಿಂದ ಸೇರಿಕೊಂಡ ತಪ್ಪು. ಇದನ್ನು ಡಾಕ್ಟರು ಮೆತ್ತಗೆ ಹೇಳಿದರೂ ಅವಳಿಗೆ ನಾಟಿತು.

ಚಾರ್ಜರು ಕೊಳ್ಳಲು ಹೊರಟ ದಿನ ಗಂಡ ತಾನೂ ಬರುತ್ತೇನೆ ಅಂದ. ದಾರ ತರಬೇಕು ಅಂದ. ಮನೆಯಲ್ಲಿ ದಾರದ ಉಂಡೆಗಳು ಡಬ್ಬಿ ತುಂಬ ಇದ್ದದ್ದು ಇಬ್ಬರಿಗೂ ಗೊತ್ತಿತ್ತು.

ಅಂಗಡಿ ಚಿಕ್ಕದು. ಗಾಜಿನ ಕಪಾಟುಗಳಲ್ಲಿ ರೆಕ್ಕೆಗಳು, ಮೋಟಾರುಗಳು, ತಂತಿಯ ಸುರುಳಿಗಳು. ಅಂಗಡಿಯವನು ಇಬ್ಬರನ್ನೂ ಒಳಕ್ಕೆ ಕರೆದು, ಗಂಡನಿಗೆ ಕುರ್ಚಿ ಎಳೆದುಕೊಟ್ಟು, ಗಂಡನನ್ನೇ ಕೇಳಿದ, ಯಾವ ತರದ್ದು ಬೇಕಾಗಿತ್ತು ಸಾರ್ ಅಂತ.

"ನಾನು ಬಟ್ಟೆ ಹೊಲಿಯೋನು" ಅಂದ ಗಂಡ. "ಹಾರಿಸೋಳು ಅವಳು. ಅವಳನ್ನ ಕೇಳಿ." ಕುರ್ಚಿಯನ್ನು ಹೆಂಡತಿಯ ಕಡೆಗೆ ಸರಿಸಿ ತಾನು ಬಾಗಿಲ ಬಳಿ ನಿಂತ.

ಅಂಗಡಿಯವನು ಮೊದಲು ತೆಗೆದದ್ದು ಬೆಳ್ಳಗೆ ಥಳಥಳಿಸುವ ಒಂದು ಪೆಟ್ಟಿಗೆ. ಒಂದೇ ಸಲ ನಾಲ್ಕು ಬ್ಯಾಟರಿ ತುಂಬುತ್ತದೆ, ಬಹಳ ವೇಗ, ಒಂದೇ ಗುಂಡಿ ಅಂತ ಹೊಗಳಿದ. ಒತ್ತಿ ಮರೆತುಬಿಡಬಹುದು ಅಂದ. ಅವಳು ಅದನ್ನು ಮುಟ್ಟಿಯೂ ನೋಡಲಿಲ್ಲ. ಒಮ್ಮೆ ಮರೆತದ್ದಕ್ಕೆ ಮನೆ ಸುಡುತ್ತಿತ್ತು, ಮರೆಯಲು ಬಿಡದ ಚಾರ್ಜರು ಇದ್ದರೆ ತೋರಿಸಿ ಅಂದಳು. ಅವನು ಇನ್ನೊಂದು ತೆಗೆದ. ಅದು ಎಲ್ಲವನ್ನೂ ಮೊಬೈಲಿಗೆ ಕಳಿಸುತ್ತದಂತೆ. ಎಲ್ಲೇ ಕೂತಿದ್ದರೂ ನೋಡಿಕೊಳ್ಳಬಹುದಂತೆ. ತಾನು ಎಲ್ಲೋ ಕೂರುವುದಿಲ್ಲ, ಅದರ ಎದುರಿಗೇ ಕೂರುತ್ತೇನೆ ಅಂತ ಅವಳು ಅದನ್ನೂ ಸರಿಸಿದಳು.

ಮೂರನೆಯದು ಕೆಳಗಿನ ಸಾಲಿನಲ್ಲಿ ಧೂಳು ಹಿಡಿದು ಕೂತಿತ್ತು. ಕಪ್ಪಗೆ, ಗಿಡ್ಡಗೆ, ಪಕ್ಕದಲ್ಲಿ ಸಣ್ಣ ಫ್ಯಾನು, ಮುಂದೆ ಪರದೆ, ಬದಿಯಲ್ಲಿ ಸಾಲುಸಾಲು ತೂತುಗಳು. ಅವಳು ಅದರ ಕಡೆ ಬೆರಳು ತೋರಿದಳು. ಅಂಗಡಿಯವನು ಮುಖ ಹುಳ್ಳಗೆ ಮಾಡಿದ. ಅದು ಬೇಡ, ಬಹಳ ಮೆನು, ಬಹಳ ತಲೆನೋವು ಅಂದ.

"ಲೇಡೀಸ್ ಸಾಮಾನ್ಯವಾಗಿ ಇದನ್ನ ತಗೊಳ್ಳಲ್ಲ ಮೇಡಂ."

"ಲೇಡೀಸ್ ಸಾಮಾನ್ಯವಾಗಿ ಬಸ್ಸೂ ಓಡಿಸಲ್ಲ" ಅಂದಳು ಡ್ರೈವರಕ್ಕ. "ಇದರಲ್ಲಿ ಒಂದೊಂದು ಸೆಲ್ಲೂ ಬೇರೆಬೇರೆ ಕಾಣಿಸುತ್ತಾ?"

ಕಾಣಿಸುತ್ತದೆ ಅಂದ. ಒಂದು ಸೆಲ್ಲು ಎಡವಟ್ಟಾದರೆ ತಾನಾಗಿ ನಿಲ್ಲುತ್ತದೆಯೇ ಅಂದಳು. ನಿಂತು ಕೂಗುತ್ತದೆ ಅಂದ. ಹಾರಿಸದೆ ಇಡುವ ದಿನಗಳಲ್ಲಿ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿಡುತ್ತದೆಯೇ, ನಿಧಾನಕ್ಕೆ ತುಂಬು ಅಂದರೆ ನಿಧಾನಕ್ಕೆ ತುಂಬುತ್ತದೆಯೇ ಅಂತ ಕೇಳಿದಳು. ಅದೂ ಇದೆ ಅಂದ. ಬಾಯಿ ಮಾತು ಸಾಲದು, ಹಾಕಿ ತೋರಿಸಿ ಅಂತ ಚೀಲದಿಂದ ತನ್ನ ಬ್ಯಾಟರಿಯನ್ನೇ ತೆಗೆದಿಟ್ಟಳು. ಚಾರ್ಜರನ್ನು ಮೇಜಿನ ಮೇಲಿದ್ದ ಯಾವುದೋ ತಂತಿಗಳಿಗೆ ಸಿಕ್ಕಿಸಿ ಅವನು ಗುಂಡಿ ಒತ್ತಿದ. ಪರದೆಯ ಮೇಲೆ ನಾಲ್ಕು ಅಂಕಿಗಳು ಒಂದರ ಕೆಳಗೊಂದು ಮೂಡಿದವು. ಅವಳ ಮುಖ ಅರಳಿತು. ಬಸ್ಸಿನಲ್ಲಿ ಸ್ಟೀರಿಂಗಿನ ಹಿಂದೆ ಇಂಜಿನ್ನಿನ ಬಿಸಿ, ಎಣ್ಣೆಯ ಒತ್ತಡ, ಗಾಳಿಯ ಒತ್ತಡ ಒಂದೊಂದಕ್ಕೂ ಒಂದೊಂದು ಮುಳ್ಳಿರುತ್ತಿತ್ತು. ದಾರಿ ನೋಡುತ್ತಲೇ ಅವನ್ನೂ ನೋಡುವ ಕಣ್ಣು ಅವಳದು. ಮುಳ್ಳೇ ಇಲ್ಲದ ಗಾಡಿಯನ್ನು ನಂಬಿ ಮನೆಗೆ ಬೆಂಕಿ ಹಚ್ಚಿಕೊಂಡಿದ್ದಳು.

"ಇದನ್ನೇ ಕಟ್ಟಿ" ಅಂದಳು.

"ಮೇಡಂ, ಇದಕ್ಕೆ ಒಂದು ಬೇರೆ..." ಅಂತ ಅಂಗಡಿಯವನು ಶುರುಮಾಡಿದ. ಮತ್ತೆ ಬೇರೆ ತೋರಿಸಲು ಹೊರಟ ಅಂತ ಅವಳಿಗೆ ರೇಗಿತು. ಬೇರೆ ಯಾವುದೂ ಬೇಡ, ಇದನ್ನೇ ಕಟ್ಟಿ ಅಂತ ಮಾತು ತುಂಡು ಮಾಡಿದಳು. ಅವನು ಹೆಗಲು ಕೊಡವಿ ಕಟ್ಟಿಕೊಟ್ಟ.

ಅವನು ಹೇಳಹೊರಟದ್ದೇನು ಅಂತ ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ತಿಳಿಯಿತು. ಚಾರ್ಜರಿಗೆ ಪ್ಲಗ್ಗೇ ಇರಲಿಲ್ಲ. ಹಿಂದೆ ತಂತಿ ಸಿಕ್ಕಿಸಲು ಎರಡು ಕಡ್ಡಿಯ ಹಳದಿ ಕೊಕ್ಕೆಯೊಂದು ಮಾತ್ರ ಇತ್ತು. ಗೋಡೆಯ ಕರೆಂಟು ಇದಕ್ಕೆ ಹಾಗೇ ಆಗುವುದಿಲ್ಲ. ನಡುವೆ ಕರೆಂಟನ್ನು ಇಳಿಸುವ ಇನ್ನೊಂದು ಪೆಟ್ಟಿಗೆ ಬೇಕು. ಅವಳು ಚಾರ್ಜರನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುವಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ಏನು ಹುಡುಕುತ್ತಿದ್ದೀ ಅಂತ ಕೇಳಿದರು. ಪ್ಲಗ್ಗು ಅಂದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಬೆಂಕಿ ಬಿದ್ದ ಮೇಲೆ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ಎಲ್ಲಾ ಮುಳ್ಳು ನೋಡಿ ಕೊಂಡವಳು ಬಾಲ ಇದೆಯೋ ಇಲ್ಲವೋ ನೋಡಲಿಲ್ಲ ಅಂತ ನೆರೆಮನೆಯವರಿಗೂ ಹೇಳಿ ಬಂದರು.

ವಾಪಸು ಕೊಟ್ಟು ಪ್ಲಗ್ಗಿರುವುದನ್ನು ತಗೊಂಡರಾಯಿತು ಅಂತ ಗಂಡ ಪಿನ್ನುಗಳ ನಡುವಿನಿಂದಲೇ ಅಂದ. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೊದಲು ಅವಮಾನದಿಂದ ಬರೀ ಹಟ ಹಿಡಿದಳು. ಮಾರನೇ ದಿನ ಡಿಪೋದ ಎಲೆಕ್ಟ್ರಿಷಿಯನ್ನಿಗೆ ಚಾರ್ಜರು ತೋರಿಸಿದಾಗ ಹಟಕ್ಕೊಂದು ಕಾರಣ ಸಿಕ್ಕಿತು. ಗೋಡೆಯ ಕರೆಂಟು ಯಾಕೆ ಬೇಕು, ಕಾರಿನ ಬ್ಯಾಟರಿ ಒಂದಿದ್ದರೆ ಇದು ಕುಣಿದಾಡಿಕೊಂಡು ನಡೆಯುತ್ತದೆ ಅಂದ ಅವನು. ಅದು ಅರ್ಧಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಡ್ರೈವರಕ್ಕ ಅವನ ಬೆನ್ನು ತಟ್ಟಿ ಬಂದಳು. ಅತ್ತೆಯ ಗೋಡೆಯಿಂದ ತಂತಿ ಹೋಗಬಾರದು ತಾನೇ? ಹೋಗುವುದಿಲ್ಲ.

ರಸ್ತೆಯ ತಿರುವಿನ ಬ್ಯಾಟರಿ ಅಂಗಡಿಯಲ್ಲಿ ಕಾರಿನ ಹಳೆಯ ಬ್ಯಾಟರಿಯೊಂದನ್ನು ಆರಿಸಿಕೊಂಡಳು. ಅಲ್ಲೇ ಅದನ್ನು ತುಂಬಿಸಿಕೊಳ್ಳುವುದು, ಇಳಿದಾಗ ಮತ್ತೆ ಹೊತ್ತು ತರುವುದು ಅಂತ ಮಾತಾಯಿತು. ಅದರ ಭಾರವೋ, ಎತ್ತಿದವರ ಸೊಂಟಕ್ಕೇ ಗೊತ್ತು. ಅವಳು ಮನೆಯ ಮೆಟ್ಟಿಲ ಬುಡದಲ್ಲಿ ಅದನ್ನು ಇಳಿಸಿ ಏದುಸಿರು ಬಿಡುತ್ತಿದ್ದಾಗ ಗಂಡ ಮಿಷನ್ನು ನಿಲ್ಲಿಸಿ ಎದ್ದು ಬಂದ. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಚುಚ್ಚಿಕೊಂಡ. ಬ್ಯಾಟರಿಗೆ ಕಟ್ಟಿದ್ದ ಹಗ್ಗದ ಒಂದು ತುದಿ ಹಿಡಿದ.

"ರೀ, ಅತ್ತೆ ನೋಡ್ತಿದಾರೆ" ಅಂದಳು ಅವಳು.

"ನೋಡಲಿ. ಎತ್ತು."

ತಾರಸಿಯ ಒಂದು ಮೂಲೆಯಲ್ಲಿ ತಗಡಿನ ಮಾಡು ಇತ್ತು. ಕೆಳಗೆ ಸಿಮೆಂಟು, ಸುತ್ತ ಬಟ್ಟೆಬರೆ ಏನೂ ಇಲ್ಲ. ಅಲ್ಲಿ ಒಂದು ದೊಡ್ಡ ಮಣ್ಣಿನ ಕುಂಡ ಇಟ್ಟು, ಡ್ರೋನಿನ ಬ್ಯಾಟರಿಯನ್ನು ಅದರೊಳಗೆ ಇಟ್ಟೇ ಚಾರ್ಜು ಮಾಡಬೇಕು ಅಂತ ಗೊತ್ತು ಮಾಡಿದಳು. ಪಕ್ಕದಲ್ಲಿ ಬಕೆಟ್ಟಿನ ತುಂಬ ಒಣ ಮರಳು. ಕೂರಲು ಡಿಪೋದಿಂದ ಬೇಡ ಅಂತ ಎಸೆದಿದ್ದ ಬಸ್ಸಿನ ಸೀಟು. ಚಾರ್ಜು ಮುಗಿಯುವ ತನಕ ಸೀಟು ಬಿಟ್ಟು ಏಳಕೂಡದು. ಓಡುವ ಬಸ್ಸಿನಲ್ಲಿ ಡ್ರೈವರು ಎದ್ದು ಹೋಗುತ್ತಾನೆಯೇ?

ಮೊದಲ ಬ್ಯಾಟರಿ ಒಳ್ಳೆಯ ಮಗುವಿನ ಹಾಗೆ ತುಂಬಿತು. ನಾಲ್ಕು ಅಂಕಿಗಳು ಒಂದರ ಹೆಗಲಿಗೊಂದು ತಾಗಿಸಿಕೊಂಡು ಏರಿದವು. ಎರಡನೆಯದೂ ಹಾಗೇ. ಮೂರನೆಯದನ್ನು ಸಿಕ್ಕಿಸಿದ್ದೇ ತಡ ಚಾರ್ಜರು ಕಿರ್ರೋ ಅಂತ ಕೂಗಿಕೊಂಡು ನಿಂತಿತು. ಮೂರು ಅಂಕಿಗಳು ಸರಿಯಾಗಿವೆ, ಒಂದು ಮಾತ್ರ ಪಾತಾಳದಲ್ಲಿದೆ. ಬ್ಯಾಟರಿಯನ್ನು ತಿರುಗಿಸಿ ನೋಡಿದಳು. ಅದು ಅವಳ ಬ್ಯಾಟರಿಗಳಲ್ಲೆಲ್ಲ ಗಟ್ಟಿಯಾದದ್ದು, ತಿರುವಿನಲ್ಲಿ ಒದ್ದು ಮೇಲೇಳುವಂಥದ್ದು. ಹೊರಗೆ ನೋಡಿದರೆ ಒಂದು ತರಚು ಗಾಯವೂ ಇಲ್ಲ. ಇಂಥ ಬ್ಯಾಟರಿಯನ್ನು ಚಾರ್ಜರಿಗೆ ಬೇರೆ ಜಾತಿಯದು ಅಂತ ಸುಳ್ಳು ಹೇಳಿ ಒಂದಿಷ್ಟು ತುಂಬಿಸಿ ಎಬ್ಬಿಸಬಹುದು ಅಂತ ಬಯಲಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಮೆನುವಿನಲ್ಲಿ ಆ ಸಾಲು ಇತ್ತು. ಬೆರಳು ಗುಂಡಿಯ ಮೇಲೆ ನಿಂತಿತು ಕೂಡ.

ಸುಟ್ಟುಹೋದ ಬ್ಯಾಟರಿಗೂ ಹೀಗೇ ಆಗಿರಬೇಕು. ಆವತ್ತು ಹೇಳುವವರು ಇರಲಿಲ್ಲ. ಇವತ್ತು ಹೇಳುವುದನ್ನು ಹುಡುಕಿ, ಅಂಗಡಿಯವನೊಂದಿಗೆ ಜಗಳ ಕಾದು, ಬಾಲವಿಲ್ಲದಿದ್ದರೂ ಸರಿ ಅಂತ ಹೊತ್ತು ತಂದಿದ್ದಾಳೆ. ಈಗ ಅದು ಹೇಳುವಾಗ ಕಿವಿ ಮುಚ್ಚಿಕೊಳ್ಳುವುದೇ? ತಂತಿ ಕಿತ್ತಳು. ಆ ಬ್ಯಾಟರಿಯನ್ನು ಮರಳಿನಲ್ಲಿ ಇಟ್ಟಳು. ಮರುದಿನ ಅದನ್ನು ಅಂಗಡಿಯವನಿಗೆ, ಹಾಳಾದದ್ದನ್ನು ಹಾಕುವ ಡಬ್ಬಿಗೆ ಹಾಕಿ ಅಂತ ಕೊಟ್ಟು ಬಂದಳು. ಅವನು ಈ ಸಲ ಕುರ್ಚಿಯನ್ನು ಅವಳಿಗೇ ಎಳೆದುಕೊಟ್ಟ. ಪ್ಲಗ್ಗಿನ ವಿಷಯ ಕೇಳಿದ. ಅದು ಬೇಕಾಗಲಿಲ್ಲ ಅಂದಳು, ನಗದೆ.

ಆಮೇಲಿನ ಸಂಜೆಗಳಲ್ಲಿ ತಾರಸಿಯೇ ಅವರ ಮನೆಯ ಜಗಲಿಯಾಯಿತು. ಗಂಡ ಕಾಜಾ ಹೊಲಿಯುವ ಕೆಲಸ ಹಿಡಿದುಕೊಂಡು ಮೇಲೆ ಬರತೊಡಗಿದ, ಕುಂಡದಿಂದ ದೂರ, ಗಾಳಿ ಬರುವ ಕಡೆ ಕೂತ. ಅತ್ತೆ ಮೊದಲು ಮೆಟ್ಟಿಲ ಮೇಲಿನಿಂದ ತಲೆ ಮಾತ್ರ ತೋರಿಸಿ, ವಾಸನೆ ಹಿಡಿದು ನೋಡಿ ಇಳಿದುಹೋಗುತ್ತಿದ್ದರು. ಬರಬರುತ್ತಾ ಕುರ್ಚಿ ಹಾಕಿಸಿಕೊಂಡರು. ಕ್ಷಮಿಸಿದ್ದೇನೆ ಅಂತ ತಿಳಿಯಬೇಡ, ಕಾವಲಿಗೆ ಬಂದಿದ್ದೇನೆ ಅಂದರು. ಅಂಕಿ ಓದಲು ಅವರಿಗೆ ಬರುತ್ತಿತ್ತು. ನಾಲ್ಕರಲ್ಲಿ ಒಂದು ಚೂರು ಹಿಂದೆ ಬಿದ್ದರೆ ಸಾಕು, "ಏ, ಎರಡನೇದು ನೋಡು, ಸೋಮಾರಿ" ಅನ್ನುತ್ತಿದ್ದರು.

ಒಂದು ದಿನ ಡ್ರೈವರಕ್ಕ ಅವರ ಮುಖಕ್ಕೆ ಕನ್ನಡಕ ಕಟ್ಟಿ, ತಾರಸಿಯಿಂದಲೇ ಡ್ರೋನನ್ನು ನೆಟ್ಟಗೆ ಮೇಲಕ್ಕೆ ಎಬ್ಬಿಸಿದಳು. ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. ಹೆದರಿದರೇನೋ ಅಂತ ಸೊಸೆ ಇಳಿಸಲು ಹೊರಟಾಗ ಅವರು ಬಾಯಿ ಬಿಟ್ಟರು.

"ನೀರಿನ ಟ್ಯಾಂಕಿನ ಮುಚ್ಚಳ ತೆಗೆದಿಟ್ಟವರು ಯಾರು?"

ತಿಂಗಳಾನುಗಟ್ಟಲೆ ಯಾರೂ ಹತ್ತಿ ನೋಡಿರಲಿಲ್ಲ. ಗಂಡ ಕಾಜಾ ಬಿಟ್ಟು ಏಣಿ ತರಲು ಹೋದ.

ಬಯಲಿನ ಗುಂಪಿನವರು ಆ ವರ್ಷ ಪಂದ್ಯ ಇಟ್ಟರು. ಡ್ರೈವರಕ್ಕ ಹೆಸರು ಕೊಟ್ಟಳು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕಾಂಟ್ರಾಕ್ಟರು ಅವಳ ಕಣ್ಣಿನ ಸುದ್ದಿ ಕೇಳಿ, ಅಕ್ಕ ಕಮಾನಿನ ಹತ್ತಿರ ನಿಂತು ಬಾವುಟ ತೋರಿಸಲಿ, ಅದೂ ದೊಡ್ಡ ಕೆಲಸವೇ ಅಂದರು. ಬಾವುಟ ಹಿಡಿಯಲು ತನಗಿಂತ ಎರಡು ಕಣ್ಣಿರುವವರೇ ವಾಸಿ, ತಾನು ಹಾರಿಸುತ್ತೇನೆ ಅಂದಳು. ಹಾರಿಸಿದಳು. ಮೊದಲ ಸುತ್ತಿನಲ್ಲಿ ಕಮಾನಿಗೆ ಒರೆಸಿಕೊಂಡು ಹೋಗಿ ಹೇಗೋ ಸಾವರಿಸಿಕೊಂಡಳು. ಆಮೇಲೆ ಕೈ ಕೂತಿತು. ದೊಡ್ಡದಾಗುತ್ತಾ ಬರುವ ಕಮಾನು, ಅದರೊಳಗಿನ ಆಕಾಶ, ತಿರುವು, ಮತ್ತೆ ಕಮಾನು. ಕಾಲು ನೆಲ ಒತ್ತುತ್ತಲೇ ಇತ್ತು. ಮುಗಿಸಿ ಕನ್ನಡಕ ತೆಗೆದಾಗ ಗಂಡನೂ ಅತ್ತೆಯೂ ಕೊಡೆಯ ಕೆಳಗೆ ನಿಂತು ಆಕಾಶವನ್ನೇ ನೋಡುತ್ತಿದ್ದರು, ಯಾವುದು ಇವಳದು ಅಂತ ತಿಳಿಯದೆ.

ಅವಳು ಐದನೆಯವಳಾಗಿ ಬಂದಿದ್ದಳು. ಮೊದಲ ಮೂವರಿಗೆ ಬಹುಮಾನ ಕೊಟ್ಟಾದ ಮೇಲೆ ಕಾಂಟ್ರಾಕ್ಟರು ಮೈಕು ಹಿಡಿದು, ಈಗ ಧೈರ್ಯಕ್ಕೊಂದು ವಿಶೇಷ ಬಹುಮಾನ ಅಂದರು. ಕಣ್ಣಿಲ್ಲದಿದ್ದರೂ ಅಂತ ಶುರುಮಾಡಿ ಒಂದಿಷ್ಟು ಹೊಗಳಿ ಅವಳನ್ನು ಕರೆದರು. ಮೇಜಿನ ಮೇಲೆ ಹೊಚ್ಚ ಹೊಸ ಹಬೆಯ ಇಸ್ತ್ರಿ ಪೆಟ್ಟಿಗೆ. ಅವಳ ಗಂಡನ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತದ್ದು ಅವಳಿಗೆ ಕಾಣದೆ ಇರಲಿಲ್ಲ.

ಅವಳು ಮೇಜಿನ ತನಕ ಹೋದಳು. ಮೈಕು ಬೇಡ ಅಂದಳು. ಬಸ್ಸಿನ ಕೊನೇ ಸೀಟಿಗೂ ಮುಟ್ಟುವ ದನಿ ಅವಳದು.

"ನಾನು ಐದನೆಯವಳು. ಐದನೆಯವರಿಗೆ ಬಹುಮಾನ ಇಲ್ಲ. ನಾಲ್ಕನೆಯವರಿಗೂ ಇಲ್ಲ."

ಅಷ್ಟು ಹೇಳಿ ತಿರುಗಿ ಬಂದು ಬ್ಯಾಟರಿಗಳನ್ನು ಡಬ್ಬಿಗೆ ತುಂಬತೊಡಗಿದಳು. ಹಲ್ಲಿನ ಡಾಕ್ಟರು ಎಲ್ಲೋ ಹಿಂದಿನಿಂದ ಜೋರಾಗಿ ನಕ್ಕಿದ್ದು ಕೇಳಿಸಿತು.

ದಾರಿಯುದ್ದಕ್ಕೂ ಅತ್ತೆ ಬೈದರು. ಕೊಟ್ಟದ್ದನ್ನು ತಗೊಂಡು ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು, ಮನೆಯ ಇಸ್ತ್ರಿ ಪೆಟ್ಟಿಗೆಯ ಹಿಡಿ ಒಡೆದು ಎಷ್ಟು ದಿನವಾಯಿತು, ಗಂಡನ ಬೆರಳು ನೋಡಿದ್ದೀಯಾ ಅಂದರು. ಗಂಡನನ್ನೂ ಕೇಳಿದರು, ನೀನಾದರೂ ಹೇಳಬಾರದೇ ಅಂತ. ಅವನು ಸ್ವಲ್ಪ ದೂರ ನಡೆದು, "ಹಿಡಿಗೆ ಬಟ್ಟೆ ಸುತ್ಕೊಂಡಿದೀನಿ, ನಡೀತಿದೆ" ಅಂದ. ಡ್ರೈವರಕ್ಕ ಒಳಗೊಳಗೆ ಮುಂದಿನ ವರ್ಷದ ಮೊದಲ ತಿರುವನ್ನು ತೆಗೆದುಕೊಳ್ಳುತ್ತಿದ್ದಳು.

ಮನೆಗೆ ಬಂದವಳು ಮುಖ ತೊಳೆದು, ಬ್ಯಾಟರಿಗಳು ತಣ್ಣಗಾಗುವ ತನಕ ಕಾದು, ಡಬ್ಬಿ ಎತ್ತಿಕೊಂಡು ತಾರಸಿಗೆ ಹೋದಳು. ಇನ್ನು ಕೆಲವು ದಿನ ಹಾರಾಟವಿಲ್ಲ, ಎಲ್ಲವನ್ನೂ ಅರ್ಧಕ್ಕೆ ತಂದಿಡಬೇಕಿತ್ತು. ಕೆಳಗೆ ಅತ್ತೆ ಇನ್ನೂ ಇಸ್ತ್ರಿ ಪೆಟ್ಟಿಗೆಯ ಹಬೆಯ ಬಗ್ಗೆಯೇ ಮಾತಾಡುತ್ತಿದ್ದರು. ಅವಳು ಬಸ್ಸಿನ ಸೀಟಿನಲ್ಲಿ ಬೆನ್ನು ಊರಿ ಕೂತು, ಮೊದಲ ಬ್ಯಾಟರಿಯ ಜಡೆ ಸಿಕ್ಕಿಸಿ, ಗುಂಡಿ ಒತ್ತಿದಳು.